ಪಡುವಲಲ್ಲಿ ಕಂಡ ಬೆಳಕು: ಇಂಥದ್ದನ್ನು ಯಾರಿಗೆ ಹೇಳಬೇಕು?

ಕೂಳೆ ಕಬ್ಬು (ಪಾಂಡವಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊನ್ನೆ, 2025ರ ಜನವರಿ 26ರ ರಾತ್ರಿ ಎಂಟು ಗಂಟೆಗೆ ಪಂಪ್‌ಸೆಟ್ ಹಾಕಲು ಗದ್ದೆಗೆ ಹೋಗಿದ್ದೆ. ಈ ವಾರ ನಮಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿ. ಸ್ಟಾರ್ಟರ್ ಒತ್ತಿ, ಪೈಪಿನ ಬಾಯಿಗೆ ಕೈ ಹಿಡಿದು, ನೀರು ಬಂದ ಮೇಲೆ ತಲೆ ಎತ್ತಿದೆ. ಪಡುವಲ ಕಡೆ ಗುಡ್ಡದ ಮೇಲೆ ಒಂದು ಬೆಳಕು. ನಕ್ಷತ್ರ ಅಷ್ಟು ದಪ್ಪ ಇರುವುದಿಲ್ಲ. ಮೊದಲು ಬಿಳಿ ಇತ್ತು. ಆಮೇಲೆ ಕೆಳಗೆ ಇಳಿಯುತ್ತಾ ಕೆಂಪು, ಹಸಿರು, ಮತ್ತೆ ಬಿಳಿ ಅಂತ ಬಣ್ಣ ಬದಲಾಯಿಸಿತು. ಸದ್ದೇ ಇಲ್ಲ.

ಬೈಕ್ ಹತ್ತಿ ನಾಲೆ ಏರಿ ಮೇಲೆ ಮನೆ ಕಡೆ ಹೊರಟರೆ ಅದೂ ಎಡಗಡೆಯಿಂದ ನನ್ನ ಜೊತೆಗೇ ಬಂತು. ನಿಲ್ಲಿಸಿದೆ, ಅದೂ ನಿಂತಿತು. ಮತ್ತೆ ಹೊರಟೆ, ಅದೂ ಹೊರಟಿತು. ನನಗೆ 41 ವರ್ಷ. ಹುಟ್ಟಿದಾಗಿನಿಂದ ಇದೇ ಗದ್ದೆಯಲ್ಲಿ ರಾತ್ರಿ ಓಡಾಡಿದ್ದೇನೆ. ಅವತ್ತು ಮೈ ಜುಮ್ ಅಂದಿದ್ದು ನಿಜ.

ಮನೆಗೆ ಬಂದು ಹೇಳಿದರೆ ಅಮ್ಮ ಕೊಳ್ಳಿ ದೆವ್ವ ಅಂದರು, ಹಣೆಗೆ ವಿಭೂತಿ ಹಚ್ಚಿದರು. ಅಮ್ಮನ ಮೇಲೆ ನನಗೆ ಬೇಜಾರಿಲ್ಲ. ಬೇಜಾರಾಗಿದ್ದು ಮಾರನೇ ದಿನ. ಗಡಿ ಕಾಯುವವರು ಡ್ರೋನು, ಡ್ರೋನು ಅನ್ನುವ ಕಾಲ ಇದು, ಒಂದು ಮಾತು ತಿಳಿಸೋಣ ಅಂತ ಒಂದು ಕಚೇರಿಗೆ ಹೋದೆ. ಅಲ್ಲಿ ಕೂತಿದ್ದವರು ಪೂರ್ತಿ ಕೇಳಲೂ ಇಲ್ಲ. ‘ಎಷ್ಟು ಹಾಕಿದ್ದೆ?’ ಅಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನು ಕುಡಿಯುವವನಲ್ಲ. ಒಂದು ಹಾಳೆ ತೆಗೆದು ಬರೆದುಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಒಂದು, ಅದು ಏನಿರಬಹುದು? ಎರಡು, ಬೇರೆ ದೇಶಗಳಲ್ಲಿ ಇದಕ್ಕೆ ಸರ್ಕಾರದ್ದೇ ತನಿಖೆ ಇರುತ್ತದಂತೆ, ಹೌದಾ? ಅಲ್ಲಿ ಹೇಗೆ ಕೇಳುತ್ತಾರೆ?

ಚಾಮುಂಡಿ ತಪ್ಪಲು (ಮೈಸೂರು)

ಬರೆದಿದ್ದು ಒಳ್ಳೇದಾಯಿತು ಅಣ್ಣ. ನನ್ನ ಹತ್ತಿರ ಒಂದು ಚಿಕ್ಕ ದೂರದರ್ಶಕ ಇದೆ. ಹತ್ತು ವರ್ಷದಿಂದ ಮನೆ ತಾರಸಿ ಮೇಲೆ ಆಕಾಶ ನೋಡುತ್ತೇನೆ. ಏನಿರಬಹುದು ಅಂತ ಹೇಳುವ ಮೊದಲು ಕೆಲವು ಪ್ರಶ್ನೆ.

ಮೊದಲ ಸಲ ಕಂಡಾಗ ಎಷ್ಟು ಎತ್ತರದಲ್ಲಿತ್ತು? ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಗುಡ್ಡದಿಂದ ಎಷ್ಟು ಮುಷ್ಟಿ ಮೇಲಿತ್ತು? ಪಂಪ್‌ಹೌಸ್ ಹತ್ತಿರ ನಿಂತರೆ ಯಾವ ಮರದ ನೇರಕ್ಕೆ? ಮೋಡ ಇತ್ತಾ? ಕೊನೆಗೆ ಹೇಗೆ ಮಾಯ ಆಯಿತು, ತಟ್ಟನೆ ಆರಿತಾ, ಇಲ್ಲ ಗುಡ್ಡದ ಹಿಂದೆ ಇಳಿಯಿತಾ? ಅದು ಎಷ್ಟು ಗಂಟೆಗೆ? ಫೋಟೋ ಇದ್ದರೆ ಅಳಿಸಬೇಡಿ. ಚಿತ್ರ ಮಸುಕಾಗಿದ್ದರೂ ಪರವಾಗಿಲ್ಲ, ಅದರೊಳಗೆ ಸಮಯ ದಾಖಲಾಗಿರುತ್ತದೆ.

ಕೂಳೆ ಕಬ್ಬು

ಪಂಪ್‌ಹೌಸ್ ಬಾಗಿಲಲ್ಲಿ ನಿಂತರೆ ಎರಡು ತೆಂಗಿನ ಮರ. ಅವುಗಳ ಮಧ್ಯೆ, ಎಡಗಡೆ ಮರಕ್ಕೆ ಹತ್ತಿರ. ಈಗ ಅಲ್ಲೇ ಹೋಗಿ ಕೈ ಚಾಚಿ ನೋಡಿದೆ. ಮೊದಲು ಕಂಡಾಗ ಎರಡು ಮುಷ್ಟಿಗೆ ಸ್ವಲ್ಪ ಕಮ್ಮಿ. ಮೋಡ ಇರಲಿಲ್ಲ. ಮನೆ ಹಿತ್ತಿಲಿಂದಲೂ ನೋಡುತ್ತಾ ನಿಂತಿದ್ದೆ. ಆರಲಿಲ್ಲ, ಗುಡ್ಡದ ಹಿಂದೆ ಮೆಲ್ಲಗೆ ಇಳಿಯಿತು. ಒಂದು ಮಸುಕು ಫೋಟೋ ಇದೆ, ಅದರಲ್ಲಿ 9 ಗಂಟೆ 4 ನಿಮಿಷ ಅಂತಿದೆ. ಅದಾಗಿ ಐದು ನಿಮಿಷಕ್ಕೆ ಕಾಣಲಿಲ್ಲ.

ಚಾಮುಂಡಿ ತಪ್ಪಲು

ಇಷ್ಟು ಚೆನ್ನಾಗಿ ಹೇಳಿದ್ದೀರಿ ಅಂದರೆ ಉತ್ತರ ಸುಲಭ ಆಯಿತು. ಅದು ಶುಕ್ರ ಅಣ್ಣ. ನಮ್ಮ ಬೆಳ್ಳಿ.

ಈ ಜನವರಿಯಲ್ಲಿ ಶುಕ್ರ ಸೂರ್ಯನಿಂದ ತುಂಬಾ ದೂರ ಸರಿದಿದೆ. ಸೂರ್ಯ ಮುಳುಗಿ ಸುಮಾರು ಮೂರು ಗಂಟೆ ಆದ ಮೇಲೆ ಅದು ಮುಳುಗುತ್ತದೆ. ನಿಮ್ಮ ಎರಡು ಮುಷ್ಟಿ, ಪಡುವಲ ದಿಕ್ಕು, ಒಂಬತ್ತೂ ಹತ್ತರ ಸಮಯ, ಮೂರೂ ಸರಿಯಾಗಿ ಕೂಡುತ್ತವೆ. ಚಂದ್ರ ಬಿಟ್ಟರೆ ರಾತ್ರಿ ಆಕಾಶದಲ್ಲಿ ಅದಕ್ಕಿಂತ ಬೆಳಕಾದದ್ದು ಇಲ್ಲ. ಕೆಳಗೆ ಇಳಿದಾಗ ಬಣ್ಣ ಬದಲಾಯಿಸಿದ್ದಕ್ಕೆ ಗಾಳಿ ಕಾರಣ. ತಲೆ ಮೇಲಿನ ಬೆಳಕು ತೆಳು ಗಾಳಿಯಲ್ಲಿ ಬರುತ್ತದೆ. ಗುಡ್ಡದ ಅಂಚಿನ ಬೆಳಕು ದಪ್ಪ ಗಾಳಿಯನ್ನು ಸೀಳಿಕೊಂಡು ಬರಬೇಕು. ಬಿಸಿ ಗಾಳಿ, ತಣ್ಣನೆ ಗಾಳಿ ಕಲಸಿದ ಕಡೆ ಬೆಳಕು ಬಾಗಿ, ಬಣ್ಣ ಬಣ್ಣವಾಗಿ ಒಡೆಯುತ್ತದೆ. ಜೊತೆಗೆ ಬಂದದ್ದು ಯಾಕೆ ಅಂದರೆ, ತುಂಬಾ ದೂರ ಇರುವ ವಸ್ತು ನಾವು ಎಷ್ಟು ಓಡಿದರೂ ಜಾಗ ಬದಲಿಸಿದ ಹಾಗೆ ಕಾಣುವುದಿಲ್ಲ. ಹತ್ತಿರದ ಮರಗಳು ಹಿಂದೆ ಓಡುತ್ತವೆ, ಅದು ಮಾತ್ರ ಜೊತೆಗಿರುತ್ತದೆ. ಚಿಕ್ಕವರಿದ್ದಾಗ ಬಸ್ಸಿನಲ್ಲಿ ಚಂದಮಾಮ ನಮ್ಮ ಜೊತೆ ಊರಿಗೆ ಬರುತ್ತಿದ್ದನಲ್ಲ, ಹಾಗೆ.

ನೀವೊಬ್ಬರೇ ಅಲ್ಲ. ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಒಂದು ಸರೋವರದ ಮೇಲೆ ಬೆಳಕು ಕಂಡದ್ದನ್ನು 329 ಸಲ ಬರೆದಿಟ್ಟರು. ಚೀನಾದ ಡ್ರೋನ್ ಇರಬಹುದು ಅನ್ನುವ ಅನುಮಾನ ಇತ್ತು. ಆಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು ಕೇಳಿದರು. ಲಡಾಖಿನ ಹಾನ್ಲೆ ವೀಕ್ಷಣಾಲಯ ಅವರದೇ. ಅವರು ದಿಕ್ಕು, ಎತ್ತರ, ಸಮಯ ಹೋಲಿಸಿ ನೋಡಿದರು. ಒಂದು ಶುಕ್ರ, ಇನ್ನೊಂದು ಗುರು.

ಒಂದು ಪರೀಕ್ಷೆ ಮಾಡಿ. ನಾಳೆ ಅದೇ ಬಾಗಿಲಲ್ಲಿ, ಅದೇ ಹೊತ್ತಿಗೆ ನಿಂತು ನೋಡಿ. ನಾನು ಹೇಳಿದ್ದು ಸರಿಯಿದ್ದರೆ ಅದು ಅಲ್ಲೇ ಇರುತ್ತದೆ. ಇಲ್ಲದಿದ್ದರೆ ನಾನು ಹೇಳಿದ್ದು ತಪ್ಪು.

ದರಿಯಾ ದೌಲತ್ ದಾರಿ (ಶ್ರೀರಂಗಪಟ್ಟಣ)

ಅಣ್ಣನ ವಿಷಯದಲ್ಲಿ ಶುಕ್ರ ಇರಬಹುದು, ಒಪ್ಪುತ್ತೇನೆ. ಆದರೆ ಯಾರು ಏನು ಕಂಡರೂ ಶುಕ್ರ ಅಂದುಬಿಡುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಈ ವಿಷಯ ನಾನು ತುಂಬಾ ಓದಿದ್ದೇನೆ. ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ.

1947ರ ಜೂನ್ 24ರಂದು ಅಮೆರಿಕದ ಕೆನೆತ್ ಅರ್ನಾಲ್ಡ್ ಎಂಬ ಪೈಲಟ್ ರೇನಿಯರ್ ಪರ್ವತದ ಹತ್ತಿರ ಒಂಬತ್ತು ಹೊಳೆಯುವ ವಸ್ತು ಕಂಡೆ ಅಂದ. ‘ಹಾರುವ ತಟ್ಟೆ’ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಮರುವರ್ಷ ಅಲ್ಲಿನ ವಾಯುಪಡೆ ‘ಸೈನ್’ ಅನ್ನುವ ಹೆಸರಲ್ಲಿ ತನಿಖೆ ಶುರು ಮಾಡಿತು. 1949ರಲ್ಲಿ ಅದು ‘ಗ್ರಡ್ಜ್’ ಆಯಿತು, 1952ರಲ್ಲಿ ‘ಬ್ಲೂ ಬುಕ್’. ಓಹಾಯೋ ರಾಜ್ಯದ ರೈಟ್ ಪ್ಯಾಟರ್ಸನ್ ವಾಯುನೆಲೆಯಲ್ಲಿ ಅದರ ಕಚೇರಿ. 1969ರ ಡಿಸೆಂಬರ್‌ನಲ್ಲಿ ಮುಚ್ಚುವ ಹೊತ್ತಿಗೆ ಒಟ್ಟು 12,618 ವರದಿ. ಅದರಲ್ಲಿ 701 ‘ಗುರುತು ಸಿಗದ್ದು’ ಅಂತಲೇ ಉಳಿದವು. ನೂರಕ್ಕೆ ಐದೂವರೆ. ಅವನ್ನು ಸುಮ್ನೆ ಬಿಟ್ಟುಬಿಡೋದಾ?

ನನಗೆ ಜಾಸ್ತಿ ಮನಸ್ಸಿಗೆ ನಾಟಿದ್ದು ಅಲೆನ್ ಹೈನೆಕ್ ಕಥೆ. ಖಗೋಳ ವಿಜ್ಞಾನಿ. 1948ರಿಂದಲೇ ವಾಯುಪಡೆಗೆ ಸಲಹೆಗಾರ. 1966ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದಲ್ಲಿ ಜನ ಸಾಲು ಸಾಲಾಗಿ ಬೆಳಕು ಕಂಡೆವು ಅಂದರು. ಡೆಕ್ಸ್‌ಟರ್ ಊರಿನ ಜೌಗಿನಲ್ಲಿ, ಹಿಲ್ಸ್‌ಡೇಲ್ ಕಾಲೇಜಿನ ಹತ್ತಿರ. ಹೈನೆಕ್ ಹೋಗಿ, ಕೆಲವೇ ದಿನದಲ್ಲಿ ಪತ್ರಕರ್ತರ ಮುಂದೆ ‘ಜೌಗು ಅನಿಲ ಇರಬಹುದು’ ಅಂದರು. ಅವರು ಹೇಳಿದ್ದು ಎಲ್ಲ ಬೆಳಕಿಗೂ ಅಲ್ಲ, ಆ ಎರಡು ಜಾಗಕ್ಕೆ ಮಾತ್ರ. ಆದರೆ ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಊರವರನ್ನು ದೇಶವೇ ಆಡಿಕೊಂಡಿತು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆಗ ಅದೇ ರಾಜ್ಯದ ಸಂಸದ. ನಮ್ಮ ಜನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಬೇಕು ಅಂತ ಸಂಸತ್ತಿನ ವಿಚಾರಣೆ ಕೇಳಿದರು. ಕೊನೆಗೆ ಹೈನೆಕ್ ಅವರೇ ಬದಲಾದರು. ತನಿಖೆ ಸರಿಯಾಗಿ ನಡೆಯುತ್ತಿಲ್ಲ ಅಂತ ಬಹಿರಂಗವಾಗಿ ಹೇಳಿದರು. 1973ರಲ್ಲಿ ತಮ್ಮದೇ ಅಧ್ಯಯನ ಕೇಂದ್ರ ಕಟ್ಟಿದರು.

ಅಣ್ಣನಿಗೆ ಆ ಕಚೇರಿಯಲ್ಲಿ ಆದದ್ದೂ ಅದೇ. ಕೇಳುವ ಮೊದಲೇ ಉತ್ತರ.

ಮಂಡ್ಯ ವಿಜ್ಞಾನ ಟೀಚರ್

ದರಿಯಾ ದೌಲತ್ ಅಕ್ಕ ಬರೆದ ಜೌಗು ಅನಿಲ ಓದಿ ನನಗೆ ಕೂಡಲೇ ಹೊಳೆದದ್ದು ಕೂಳೆ ಕಬ್ಬು ಅವರ ಅಮ್ಮನ ಮಾತು. ಕೊಳ್ಳಿ ದೆವ್ವ ಅಂದರೂ ಅದೇ, ಜೌಗು ಅನಿಲ ಅಂದರೂ ಅದೇ. ನಿಂತ ನೀರಿನ ಕೆಳಗೆ ಗಾಳಿಯಿಲ್ಲದ ಕೆಸರಲ್ಲಿ ಎಲೆ, ಬೇರು ಕೊಳೆತು ಮೀಥೇನ್ ಹುಟ್ಟುತ್ತದೆ. ಭತ್ತದ ಗದ್ದೆಯಲ್ಲಿ ಕಾಲಿಟ್ಟರೆ ಗುಳುಗುಳು ಅಂತ ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಅದು ಇರುತ್ತದೆ. ಅಂಥ ಅನಿಲ ಹೊತ್ತಿಕೊಂಡರೆ ನೆಲದ ಹತ್ತಿರ ಮಂದ ಬೆಳಕು ಅಲ್ಲಾಡಿದ ಹಾಗೆ ಕಾಣಬಹುದು ಅನ್ನುವುದು ಹಳೆಯ ವಿವರಣೆ. ಆದರೆ ಬಯಲಲ್ಲಿ ಅದು ತಾನಾಗಿ ಹೇಗೆ ಹೊತ್ತಿಕೊಳ್ಳುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಮುಗಿದಿಲ್ಲ. ಅಮ್ಮನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಹಿರಿಯರು ಗದ್ದೆ ಬಯಲಲ್ಲಿ ಏನೋ ಕಂಡಿದ್ದಾರೆ, ಹೆಸರು ಇಟ್ಟಿದ್ದಾರೆ. ಅದು ಎರಡು ಮುಷ್ಟಿ ಎತ್ತರಕ್ಕೆ ಏರುವುದಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯದೇ ಒಂದು ವಿಷಯ ಹೇಳುತ್ತೇನೆ. ಬೆಳಕಲ್ಲ, ಸದ್ದು. ಪಾಂಡವಪುರ, ಕೆಆರ್‌ಎಸ್ ಕಡೆಯವರಿಗೆ ಗೊತ್ತಿರುತ್ತದೆ. ಇದ್ದಕ್ಕಿದ್ದಂತೆ ಧಡ್ ಅನ್ನುವ ಸದ್ದು, ಮನೆಯ ಪಾತ್ರೆ ಅಲುಗುವುದು. ಭೂಕಂಪ ಅಂದರು, ಇನ್ನೇನೋ ಅಂದರು. 2018ರ ಸೆಪ್ಟೆಂಬರ್‌ನಲ್ಲಿ ಕೆಆರ್‌ಎಸ್ ಹತ್ತಿರದ ಕಂಪನಮಾಪಕದಲ್ಲಿ ಆ ಅದುರು ದಾಖಲಾಯಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದನ್ನು ನೋಡಿ ಗಣಿ ಸ್ಫೋಟದ ಕಡೆ ಬೆರಳು ತೋರಿಸಿತು. ಕಲ್ಲು ಗಣಿಗಳಿದ್ದ ಬೇಬಿ ಬೆಟ್ಟದ ಹೆಸರು ಎಲ್ಲರ ಬಾಯಲ್ಲಿ ಬಂತು. ಕೊನೆಗೆ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ಬೇಡ ಅಂತ 2024ರಲ್ಲಿ ಹೈಕೋರ್ಟ್ ಹೇಳಿತು. ಜನ ಅಷ್ಟು ದಿನ ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ಯಂತ್ರ ಅದನ್ನು ಬರೆದಿಡುವ ತನಕ ಯಾರೂ ಕಿವಿ ಕೊಡಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ನಿವೃತ್ತ ಯೋಧ (ಮದ್ದೂರು)

ನಾನು ಲಡಾಖ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. 2012ಕ್ಕಿಂತ ತುಂಬಾ ಮೊದಲು. ಆ ಗಾಳಿಯಲ್ಲಿ ಧೂಳಿಲ್ಲ, ತೇವ ಇಲ್ಲ. ಚುಕ್ಕಿಗಳು ಕೈಗೆ ಸಿಗುವ ಹಾಗೆ ಕಾಣುತ್ತವೆ. ರಾತ್ರಿ ಕಾವಲಿನಲ್ಲಿ ಕತ್ತಲೆಯಲ್ಲಿ ಒಂದೇ ಬೆಳಕನ್ನು ದಿಟ್ಟಿಸುತ್ತಾ ನಿಂತರೆ ಐದು ನಿಮಿಷಕ್ಕೆ ಅದು ಅಲ್ಲಾಡಲು ಶುರುವಾಗುತ್ತದೆ. ಕಣ್ಣಿನ ಸ್ವಭಾವವೇ ಹಾಗೆ. ಸುತ್ತ ಹೋಲಿಸಲು ಏನೂ ಇಲ್ಲದಿದ್ದರೆ ನಿಂತದ್ದೂ ನಡೆಯುತ್ತದೆ. ನಮ್ಮ ಹವಾಲ್ದಾರರು ಕಲಿಸಿದ್ದು, ಬಂದೂಕಿನ ನಳಿಗೆಯನ್ನು ಕಲ್ಲಿನ ಮೇಲೆ ಇಟ್ಟು ಅದರ ತುದಿಗೆ ಬೆಳಕನ್ನು ಹೊಂದಿಸಿ ನೋಡು ಅಂತ. ನಳಿಗೆ ಅಲ್ಲಾಡುವುದಿಲ್ಲ. ಬೆಳಕು ತುದಿಯಿಂದ ಸರಿದರೆ ಅದು ನಿಜವಾಗಿ ಸರಿದಿದೆ ಅಂತ.

ಆ 329 ಸಲ ಬರೆದ ಹುಡುಗರನ್ನು ಆಗ ಟಿವಿಯಲ್ಲಿ ಹಗುರವಾಗಿ ಮಾತಾಡಿದರು. ಶುಕ್ರ ನೋಡಿ ಹೆದರಿದರು ಅಂತ. ನನಗೆ ಸಿಟ್ಟು ಬಂತು. ಮೈನಸ್ ಇಪ್ಪತ್ತರ ಚಳಿಯಲ್ಲಿ ಕೈಗವಸು ಬಿಚ್ಚಿ ಪೆನ್ನು ಹಿಡಿದು, ಕಂಡದ್ದನ್ನು ಕಂಡ ಹಾಗೆ ಸಮಯ ಹಾಕಿ ಬರೆದರು. ಅವರು ಬರೆದದ್ದರಿಂದಲೇ ತಾನೆ ವಿಜ್ಞಾನಿಗಳಿಗೆ ಶುಕ್ರ ಅಂತ ಹೇಳಲು ಆದದ್ದು? ಕಾವಲಿನವನ ಕೆಲಸ ಬರೆಯುವುದು. ಅದನ್ನು ಅವರು ಪೂರ್ತಿ ಮಾಡಿದರು.

ಚಾಮುಂಡಿ ತಪ್ಪಲು

ಯೋಧರೇ, ನಿಮ್ಮ ಮಾತು ನೂರಕ್ಕೆ ನೂರು ಸರಿ.

701ರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಗುರುತು ಸಿಗದ್ದು ಅಂದರೆ ಬೇರೆ ಲೋಕದ್ದು ಅಂತ ಅಲ್ಲ. ಹೇಳಿಕೆಯಲ್ಲಿ ಇದ್ದ ಮಾಹಿತಿಯಿಂದ ಉತ್ತರ ಸಿಗಲಿಲ್ಲ ಅಂತ ಅಷ್ಟೇ. ಕೂಳೆ ಕಬ್ಬು ಅವರು ತೆಂಗಿನ ಮರದ ನೇರ, ಮುಷ್ಟಿ, ಫೋಟೋ ಸಮಯ ಹೇಳದೇ ಇದ್ದಿದ್ದರೆ ಅವರದ್ದೂ 702ನೆಯದು ಆಗುತ್ತಿತ್ತು.

2021ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ವಿಭಾಗದ ನಿರ್ದೇಶಕರ ಕಚೇರಿ ಒಂದು ವರದಿ ಕೊಟ್ಟಿತು. 2004ರಿಂದ ಬಂದ 144 ಹೇಳಿಕೆ. ಒಂದನ್ನು ಮಾತ್ರ ಖಚಿತವಾಗಿ ಗುರುತಿಸಿದರು, ಗಾಳಿ ಹೋಗುತ್ತಿದ್ದ ದೊಡ್ಡ ಬಲೂನು. ಉಳಿದವಕ್ಕೆ ಮಾಹಿತಿ ಸಾಲದು ಅಂದರು. ಮರುವರ್ಷ ರಕ್ಷಣಾ ಇಲಾಖೆಯಲ್ಲಿ ‘ಆರೋ’ ಅನ್ನುವ ಹೊಸ ಕಚೇರಿ ತೆರೆದರು. ಈಗ ಅವರು ಯುಎಫ್‌ಒ (ಗುರುತು ಸಿಗದ ಹಾರುವ ವಸ್ತು) ಅನ್ನುವುದಿಲ್ಲ, ಯುಎಪಿ (ಗುರುತು ಸಿಗದ ವಿದ್ಯಮಾನ) ಅನ್ನುತ್ತಾರೆ. 2024ರ ನವೆಂಬರ್ ವರದಿಯಲ್ಲಿ 757 ಹೊಸ ಹೇಳಿಕೆ. ಬಲೂನು, ಹಕ್ಕಿ, ಡ್ರೋನು, ಉಪಗ್ರಹ ಅಂತ ಬಗೆಹರಿದವು ಹಲವು. 21 ಮಾತ್ರ ಇನ್ನೂ ಆಳವಾಗಿ ನೋಡಬೇಕಾದವು. ಅನ್ಯಲೋಕದ್ದು ಅನ್ನುವುದಕ್ಕೆ ಯಾವ ಸಾಕ್ಷಿಯೂ ಸಿಕ್ಕಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ.

ಇದರಲ್ಲಿ ಕೂಳೆ ಕಬ್ಬು ಅವರಿಗೆ ಸಂಬಂಧಪಟ್ಟ ಒಂದು ವಿಷಯ ಇದೆ. ಆ 2021ರ ವರದಿಯೂ ಹೇಳುತ್ತದೆ, 2023ರಲ್ಲಿ ನಾಸಾ ನೇಮಿಸಿದ ತಜ್ಞರ ತಂಡವೂ ಹೇಳುತ್ತದೆ. ಕಂಡದ್ದನ್ನು ಹೇಳಿದರೆ ಜನ ನಗುತ್ತಾರೆ ಅನ್ನುವ ಅಂಜಿಕೆಯಿಂದ ಪೈಲಟ್‌ಗಳೇ ಬಾಯಿ ಬಿಡುವುದಿಲ್ಲ, ಅದರಿಂದ ಮಾಹಿತಿಯೇ ಕೈತಪ್ಪುತ್ತದೆ ಅಂತ. ಆ ಕಚೇರಿಯಲ್ಲಿ ನಕ್ಕವರಿಗೆ ಇದು ಗೊತ್ತಾಗಬೇಕಿತ್ತು.

ದರಿಯಾ ದೌಲತ್ ದಾರಿ

ಮಾಹಿತಿ ಸಾಲದು ಅನ್ನುವುದು ಒಪ್ಪಿದೆ. ಆದರೆ ಮಾಹಿತಿ ಇದ್ದೂ ಮುಚ್ಚಿಟ್ಟದ್ದು? 1947ರಲ್ಲಿ ಅಮೆರಿಕದ ರೋಸ್‌ವೆಲ್ ಊರಿನ ಹತ್ತಿರ ಆಕಾಶದಿಂದ ಬಿದ್ದದ್ದನ್ನು ಹವಾಮಾನದ ಬಲೂನು ಅಂದರು. ನಲವತ್ತೇಳು ವರ್ಷ ಆದ ಮೇಲೆ, 1994ರಲ್ಲಿ, ವಾಯುಪಡೆಯೇ ಹೇಳಿತು, ಅದು ‘ಮೊಗಲ್’ ಅನ್ನುವ ಗುಟ್ಟಿನ ಯೋಜನೆಯ ಬಲೂನು ಸಾಲು ಅಂತ. ಸೋವಿಯತ್ ಅಣು ಪರೀಕ್ಷೆಯ ಸದ್ದನ್ನು ಮೇಲಿನ ಗಾಳಿಯಲ್ಲಿ ಹಿಡಿಯಲು ಬಿಟ್ಟದ್ದು. ಇನ್ನೊಂದು ಯು-2 ಬೇಹುಗಾರಿಕೆ ವಿಮಾನ. ಆಗಿನ ಮಾಮೂಲಿ ವಿಮಾನಗಳಿಗಿಂತ ತುಂಬಾ ಮೇಲೆ, ಅರುವತ್ತು ಸಾವಿರ ಅಡಿ ದಾಟಿ ಹಾರುತ್ತಿತ್ತು. ಕೆಳಗೆ ಕತ್ತಲಾದ ಮೇಲೂ ಅದರ ರೆಕ್ಕೆಗೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಪೈಲಟ್‌ಗಳು ವರದಿ ಮಾಡುತ್ತಿದ್ದರು. ಬ್ಲೂ ಬುಕ್‌ನವರು ಸಿಐಎ ಹತ್ತಿರ ಕೇಳಿ ತಿಳಿದುಕೊಂಡರೂ ಕಂಡವರಿಗೆ ನಿಜ ಹೇಳುವ ಹಾಗಿರಲಿಲ್ಲ. ಇದನ್ನು ಸಿಐಎ ಪತ್ರಿಕೆಯಲ್ಲೇ ಒಬ್ಬ ಇತಿಹಾಸಕಾರರು 1997ರಲ್ಲಿ ಬರೆದಿದ್ದಾರೆ.

ಅಂದರೆ ಕಂಡವನು ಸರಿಯಾಗಿಯೇ ಕಂಡಿದ್ದ. ಅವನಿಗೆ ತಪ್ಪು ಉತ್ತರ ಕೊಟ್ಟರು. ಅದು ಬೇರೆ ಲೋಕದ್ದು ಅಂತ ನಾನು ಹೇಳುತ್ತಿಲ್ಲ. ತನಿಖೆ ಮಾಡುವವರು ಕಡತ ಜನರ ಮುಂದೆ ಇಡಬೇಕು ಅಂತ ಹೇಳುತ್ತಿದ್ದೇನೆ.

ಚಾಮುಂಡಿ ತಪ್ಪಲು

ಇದರಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ನೀವು ಹೇಳುವುದನ್ನು ಮಾಡಿ ತೋರಿಸಿದ್ದು ಫ್ರಾನ್ಸ್. 1977ರಲ್ಲಿ ತಮ್ಮ ಬಾಹ್ಯಾಕಾಶ ಸಂಸ್ಥೆಯೊಳಗೇ ಇದಕ್ಕೆ ಒಂದು ವಿಭಾಗ ಮಾಡಿದರು. ಈಗ ಅದರ ಹೆಸರು ‘ಗೈಪಾನ್’, ಇರುವುದು ತುಲೂಸ್ ನಗರದಲ್ಲಿ. ಅಲ್ಲಿ ಹಳ್ಳಿಯ ರೈತ ಏನಾದರೂ ಕಂಡರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಹೇಳಬಹುದು. ಅವರು ಹೇಳಿಕೆ ಬರೆದುಕೊಂಡು ತುಲೂಸ್‌ಗೆ ಕಳಿಸುತ್ತಾರೆ. ಅಲ್ಲಿ ವಿಮಾನದ ದಾರಿ, ಗ್ರಹಗಳ ಜಾಗ, ಗಾಳಿಯ ದಿಕ್ಕು ಎಲ್ಲ ನೋಡಿ ಎ, ಬಿ, ಸಿ, ಡಿ ಅಂತ ಗುಂಪು ಮಾಡುತ್ತಾರೆ. ಎ ಅಂದರೆ ಖಚಿತವಾಗಿ ಗೊತ್ತಾಯಿತು. ಬಿ ಅಂದರೆ ಬಹುಶಃ ಇದೇ. ಸಿ ಅಂದರೆ ಮಾಹಿತಿ ಸಾಲದು. ಡಿ ಅಂದರೆ ಮಾಹಿತಿ ಚೆನ್ನಾಗಿದ್ದೂ ಉತ್ತರ ಸಿಗಲಿಲ್ಲ. ಡಿ ನೂರಕ್ಕೆ ಮೂರರ ಆಸುಪಾಸು. 2007ರಿಂದ ಕಡತಗಳನ್ನು ಹೇಳಿದವರ ಹೆಸರು ತೆಗೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ.

ಸಿ ಮತ್ತು ಡಿ ಬೇರೆ ಮಾಡಿದ್ದಾರಲ್ಲ, ಅದು ನನಗೆ ತುಂಬಾ ಇಷ್ಟ. ಬ್ಲೂ ಬುಕ್ ಬಗ್ಗೆ ನಾವಿಬ್ಬರೂ ವಾದ ಮಾಡುತ್ತಿರುವುದು ಇದೇ ವ್ಯತ್ಯಾಸಕ್ಕೆ.

ನಮ್ಮ ದೇಶದಲ್ಲಿ ಜನರಿಂದ ಹೇಳಿಕೆ ಪಡೆದು, ತನಿಖೆ ಮಾಡಿ, ಪ್ರಕಟ ಮಾಡುವ ಇಂಥ ಕಚೇರಿ ಇಲ್ಲ. ಗಡಿ, ವಿಮಾನ ನಿಲ್ದಾಣದ ವಿಷಯ ಆದರೆ ವಾಯುಪಡೆ ನೋಡುತ್ತದೆ. 2023ರ ನವೆಂಬರ್ 19ರಂದು ಇಂಫಾಲ್ ವಿಮಾನ ನಿಲ್ದಾಣದ ಮೇಲೆ ಏನೋ ಹಾರುತ್ತಿದೆ ಅಂತ ಹಾರಾಟವನ್ನೇ ಕೆಲವು ಗಂಟೆ ನಿಲ್ಲಿಸಿದರು. ರಫೇಲ್ ವಿಮಾನ ಕಳಿಸಿ ಹುಡುಕಿಸಿದರು. ಏನೂ ಸಿಗಲಿಲ್ಲ. ಆಮೇಲೆ ಏನು ಗೊತ್ತಾಯಿತು ಅಂತ ಜನರ ಮುಂದೆ ಒಂದು ವರದಿ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮಂಡ್ಯ ವಿಜ್ಞಾನ ಟೀಚರ್

ಕೆಳಗೆ ಬಿದ್ದರೆ ಮಾತ್ರ ಬೇಗ ಗೊತ್ತಾಗುತ್ತದೆ. ಈ ತಿಂಗಳೇ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಮನೆ ಮೇಲೆ ದೊಡ್ಡ ಬಲೂನು ಬಿತ್ತಲ್ಲ. ಜನ ಗಾಬರಿಯಾದರು. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಇದೆ. ಅಲ್ಲಿಂದ ಬಿಟ್ಟದ್ದು ಅದು. ನಮ್ಮ ಮಕ್ಕಳಿಗೆ ಅದರ ಫೋಟೋ ತೋರಿಸಿದೆ. ಇದು ಹಗಲು ಮೇಲೆ ಹಾರುತ್ತಿದ್ದಾಗ ನೋಡಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ ಅಂತ ಕೇಳಿದೆ. ಒಬ್ಬಳು ‘ಹಗಲಲ್ಲಿ ಚಂದ್ರ’ ಅಂದಳು. ಎಷ್ಟು ಸರಿಯಾದ ಉತ್ತರ ಅಲ್ವಾ.

ಕೂಳೆ ಕಬ್ಬು

ಎರಡು ದಿನ ಬರೆಯಲಿಲ್ಲ, ಕಬ್ಬು ಕಡಿಯುವವರು ಬಂದಿದ್ದರು.

ಚಾಮುಂಡಿ ತಪ್ಪಲು ಅವರೇ, ನೀವು ಹೇಳಿದ ಹಾಗೆ ಮಾಡಿದೆ. ಎರಡು ರಾತ್ರಿ ಅದೇ ಬಾಗಿಲಲ್ಲಿ ನಿಂತೆ. ಎಡಗಡೆ ತೆಂಗಿನ ಮರದ ಪಕ್ಕ, ಅದೇ ಎತ್ತರ, ಅದೇ ಬೆಳಕು. ಯೋಧರು ಹೇಳಿದ ಉಪಾಯವನ್ನೂ ಮಾಡಿದೆ. ಸಲಿಕೆಯನ್ನು ಬದುವಿನಲ್ಲಿ ಊರಿ, ಕಾವಿನ ತುದಿಗೆ ಬೆಳಕನ್ನು ಹೊಂದಿಸಿ ಕೂತೆ. ಅತ್ತಿತ್ತ ಅಲ್ಲಾಡಲಿಲ್ಲ. ಮೆಲ್ಲಗೆ ಓರೆಯಾಗಿ ಕೆಳಗೆ ಮಾತ್ರ ಇಳಿಯಿತು. ಒಂಬತ್ತಾದ ಮೇಲೆ ಬಣ್ಣ ಶುರು. ಎರಡು ದಿನವೂ ಒಂಬತ್ತೂ ಹತ್ತರ ಹತ್ತಿರ ಗುಡ್ಡದ ಹಿಂದೆ ಹೋಯಿತು.

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಬೆಳ್ಳಿ ಕಣಮ್ಮಾ ಅಂದೆ. ಅವರು ಒಪ್ಪಲಿಲ್ಲ. ‘ಬೆಳ್ಳಿ ಮೂಡೋದು ಬೆಳಗಿನ ಜಾವ, ಮೂಡಲಲ್ಲಿ. ಬೆಳ್ಳಿ ನೋಡ್ಕೊಂಡೇ ಅಲ್ವಾ ನಾವು ಎದ್ದು ಕೊಟ್ಟಿಗೆಗೆ ಹೋಗ್ತಿದ್ದದ್ದು’ ಅಂದರು. ಅವರಿಗೆ ಏನು ಹೇಳಲಿ?

ಇನ್ನೊಂದು ವಿಷಯ. ನಮ್ಮ ಅಪ್ಪ ಈಗ ಇಲ್ಲ. ಅವರು ಒಂದು ಸಲ ಮುಂಗಾರಿನ ರಾತ್ರಿ ಕಂಡದ್ದನ್ನು ಯಾವಾಗಲೂ ಹೇಳುತ್ತಿದ್ದರು. ಮಳೆ ನಿಂತಿತ್ತು, ಗುಡುಗು ಇತ್ತು. ಹುಣಸೆ ಮರದ ಹತ್ತಿರ ತೆಂಗಿನಕಾಯಿ ಗಾತ್ರದ ಬೆಳಕಿನ ಉಂಡೆ ಆಳೆತ್ತರದಲ್ಲಿ ತೇಲಿಕೊಂಡು ಹೋಗಿ, ಬಾವಿ ಹತ್ತಿರ ಚಟ್ ಅಂತ ಆರಿತಂತೆ. ಗಂಧಕದ ವಾಸನೆ ಬಂತಂತೆ. ನಾವು ಮಕ್ಕಳು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಆ ಕಚೇರಿಯಿಂದ ಹೊರಗೆ ಬಂದಾಗ ನನಗೆ ನೆನಪಾದದ್ದು ಅಪ್ಪನ ಮುಖ.

ಚಾಮುಂಡಿ ತಪ್ಪಲು

ಅಮ್ಮ ಹೇಳಿದ್ದು ತಪ್ಪಲ್ಲ. ಬೆಳ್ಳಿ ಕೆಲವು ತಿಂಗಳು ಸಂಜೆ ಪಡುವಲಲ್ಲಿ, ಕೆಲವು ತಿಂಗಳು ಬೆಳಗಿನ ಜಾವ ಮೂಡಲಲ್ಲಿ. ಮಾರ್ಚ್ ಕೊನೆಯ ಹೊತ್ತಿಗೆ ಅದು ಸೂರ್ಯನ ಮುಂದೆ ಹಾದು ಆ ಕಡೆಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಅಮ್ಮನನ್ನು ಬೆಳಗಿನ ಜಾವ ಎಬ್ಬಿಸಿ ಮೂಡಲಿಗೆ ನೋಡಿಸಿ. ಆಗ ಸಂಜೆ ಪಡುವಲಲ್ಲಿ ಅದು ಇರುವುದಿಲ್ಲ. ಅದನ್ನೂ ತೋರಿಸಿ.

ನಿಮ್ಮ ಅಪ್ಪ ಕಂಡದ್ದು ಶುಕ್ರ ಅಂತೂ ಅಲ್ಲ. ಗುಡುಗು, ಆಳೆತ್ತರ, ಉಂಡೆ, ಗಂಧಕದ ವಾಸನೆ, ಚಟ್ ಅಂತ ಆರಿದ್ದು. ಜಗತ್ತಿನ ಎಷ್ಟೋ ಕಡೆ ಜನ ಇದನ್ನೇ, ಹೆಚ್ಚು ಕಮ್ಮಿ ಇದೇ ಮಾತಲ್ಲಿ ಹೇಳಿದ್ದಾರೆ. ಇದಕ್ಕೆ ಚೆಂಡು ಮಿಂಚು ಅನ್ನುತ್ತಾರೆ. ತುಂಬಾ ಕಾಲ ವಿಜ್ಞಾನಿಗಳೂ ನಂಬಿರಲಿಲ್ಲ. 2012ರಲ್ಲಿ ಚೀನಾದಲ್ಲಿ ಮಾಮೂಲಿ ಮಿಂಚನ್ನು ಅಳೆಯಲು ಇಟ್ಟಿದ್ದ ಯಂತ್ರದ ಕಣ್ಣಿಗೆ ಅಂಥದ್ದೊಂದು ಸಿಕ್ಕಿಬಿತ್ತು. ಅದರ ಬೆಳಕನ್ನು ಒಡೆದು ನೋಡಿದರೆ ಸಿಲಿಕಾನ್, ಕಬ್ಬಿಣ, ಕ್ಯಾಲ್ಸಿಯಂ. ಅಂದರೆ ಮಣ್ಣಿನಲ್ಲಿ ಇರುವಂಥದ್ದು. 2014ರಲ್ಲಿ ಅದು ಪ್ರಕಟ ಆಯಿತು. ಅಪ್ಪ ಕಂಡದ್ದು ಅದೇ ಅಂತ ನಾನು ಹೇಳಲಾರೆ. ಫ್ರಾನ್ಸಿನವರ ಲೆಕ್ಕದಲ್ಲಿ ಹಾಕಿದರೆ ಸಿ. ಆದರೆ ಅವರು ಕಂಡಿದ್ದರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ದರಿಯಾ ದೌಲತ್ ದಾರಿ

ಅಪ್ಪನ ಮಾತು ಓದಿ ಕಣ್ಣು ತುಂಬಿ ಬಂತು ಅಣ್ಣ. ನಿಮಗೆ ನೆನಪಿರುವಷ್ಟನ್ನು ಬರೆದಿಡಿ. ಯಾವ ವರ್ಷ, ಯಾವ ಮಳೆ, ಮರ ಎಲ್ಲಿತ್ತು, ಬಾವಿ ಎಷ್ಟು ಹೆಜ್ಜೆ. ಅಮ್ಮನಿಗೂ ಕೇಳಿ, ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ.

ಕೂಳೆ ಕಬ್ಬು

ಅಮ್ಮನನ್ನು ಕೇಳಿದೆ. ಆರಿದ್ರಾ ಮಳೆಯಂತೆ. ನನ್ನ ತಂಗಿ ಹುಟ್ಟಿದ ವರ್ಷ, ಅಂದರೆ 1988. ಹುಣಸೆ ಮರ ಈಗಿಲ್ಲ, ಬುಡ ಇದೆ. ಬುಡದಿಂದ ಬಾವಿಗೆ ಹೆಜ್ಜೆ ಹಾಕಿ ಅಳೆದೆ, 62. ಮಗನ ಹಳೇ ನೋಟ್‌ಬುಕ್ಕಿನಲ್ಲಿ ಬರೆದು ಪಂಪ್‌ಹೌಸ್ ಗೂಡಿನಲ್ಲಿ ಇಟ್ಟಿದ್ದೇನೆ. ಮೊದಲ ಹಾಳೆ ಅಪ್ಪನದು. ಎರಡನೇ ಹಾಳೆ ಜನವರಿ 26.

ಹಾಲಿನ ಡೈರಿ (ಮಳವಳ್ಳಿ ಕಡೆ)

ಇದನ್ನೆಲ್ಲ ಓದಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದಾಗ ನಾನೂ ಒಂದು ಕಂಡೆ. ಒಂದಲ್ಲ, ಸಾಲಾಗಿ ದೀಪಗಳು. ರೈಲಿನ ಹಾಗೆ ಒಂದರ ಹಿಂದೆ ಒಂದು. ಸದ್ದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಏನಿರಬಹುದು?

ಕೂಳೆ ಕಬ್ಬು

ಹೇಳಿದ್ದು ಒಳ್ಳೇದಾಯಿತು ತಮ್ಮಾ. ಗೊತ್ತಿದ್ದವರು ನೋಡಿ ಹೇಳುತ್ತಾರೆ. ಅಷ್ಟರೊಳಗೆ, ಮರೆಯುವ ಮೊದಲು, ಇಷ್ಟು ಬರೆದುಬಿಡು. ಎಷ್ಟು ಗಂಟೆ? ಎಷ್ಟು ದೀಪ, ಎಣಿಸಿದೆಯಾ? ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು? ಎಲ್ಲ ಒಟ್ಟಿಗೆ ಮಾಯವಾದವಾ, ಒಂದೊಂದಾಗಿ ಆರಿದವಾ? ನೀನು ನಿಂತ ಜಾಗದಲ್ಲಿ ಮರವೋ ಕಂ‌ಬವೋ ಏನಿತ್ತು? ಈಗಲೇ ಅಲ್ಲಿಗೆ ಹೋಗಿ ಕೈ ಚಾಚಿ ಮುಷ್ಟಿ ಹಿಡಿದು ನೋಡು, ಎಷ್ಟು ಮುಷ್ಟಿ ಎತ್ತರ ಅಂತ.